ರೋಟರಿ ಎಂಜಿನಿನ ನಾಡಿಪರೀಕ್ಷೆ

ಅಮೆರಿಕದ ಡೆನ್ವರ್ ನಗರದಲ್ಲಿ ಉನ್ನತ ವ್ಯಾಸಂಗ ಮಾಡುತ್ತಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಈಚೆಗೆ ನಮಗೊಂದು ಪ್ರಶ್ನೆಯನ್ನು ಬರೆದು ಕಳುಹಿಸಿದನು. ಜಪಾನಿನ ಮಾಜ್ದಾ ಕಂಪನಿಯ ಆರ್‌ಎಕ್ಸ್-8 ಎಂಬ ಹಳೆಯ ಕಾರೊಂದು ಅವನ ಮನಸ್ಸನ್ನು ಸೆಳೆದಿತ್ತು. 2012ರಲ್ಲಿಯೇ ತಯಾರಿಕೆ ನಿಂತುಹೋದ ಮಾದರಿ, ಬೆಲೆಯೂ ಅಗ್ಗ. ಎಂಜಿನಿನ ಒತ್ತಡವನ್ನು ಅಳೆದಾಗ 600 ಕಿಲೋಪ್ಯಾಸ್ಕಲ್ ಬಂದಿತೆಂದೂ, ಕಂಪನಿ ವಿಧಿಸಿರುವ ಕನಿಷ್ಠ ಮಿತಿ 680 ಆದರೂ ಊರು ಎತ್ತರದಲ್ಲಿರುವುದರಿಂದ ಚಿಂತೆಯಿಲ್ಲವೆಂದೂ ಮಾರುವಾತನು ಹೇಳಿದನಂತೆ. ಎರಡು ವರ್ಷ ಕೂಡಿಟ್ಟ ಹಣ. ಕೊಳ್ಳಬಹುದೆ?

ಮಾರುವಾತನ ಭೌತವಿಜ್ಞಾನ ಸರಿಯಾಗಿಯೇ ಇದೆ. ಡೆನ್ವರ್ ಸಮುದ್ರಮಟ್ಟದಿಂದ ಸುಮಾರು 1600 ಮೀಟರ್ ಎತ್ತರದಲ್ಲಿದೆ. ಅಲ್ಲಿನ ವಾಯುಭಾರ ಸಮುದ್ರತೀರದಲ್ಲಿರುವುದರ ಸುಮಾರು ಶೇಕಡ 83ರಷ್ಟು ಮಾತ್ರ. ತೆಳುವಾದ ಗಾಳಿಯನ್ನು ಅದುಮಿದರೆ ದೊರೆಯುವ ಒತ್ತಡವೂ ಅದೇ ಪ್ರಮಾಣದಲ್ಲಿ ತಗ್ಗುತ್ತದೆ. ಅಲ್ಲಿಯ 600 ಸಮುದ್ರತೀರದ 720ಕ್ಕೆ ಹೆಚ್ಚುಕಡಿಮೆ ಸಮ. ಹೀಗಿದ್ದರೂ ಆ ಒಂದೇ ಅಂಕಿಯನ್ನು ನಂಬಿ ಹಣ ತೆರಬಾರದೆಂಬುದು ನಮ್ಮ ಅಭಿಪ್ರಾಯ.

ಕಾರಣವು ಎಂಜಿನಿನ ಆಕಾರದಲ್ಲಿಯೇ ಇದೆ. ಜರ್ಮನಿಯ ಫೆಲಿಕ್ಸ್ ವಾಂಕೆಲ್ ಕಲ್ಪಿಸಿದ ಈ ಯಂತ್ರದ ಮೊದಲ ಮಾದರಿ ಓಡಿದುದು 1957ರಲ್ಲಿ. ಇದರಲ್ಲಿ ಹಿಂದೆ ಮುಂದೆ ಚಲಿಸುವ ಪಿಸ್ಟನ್ ಇಲ್ಲ. ಉಬ್ಬಿದ ಬದಿಗಳುಳ್ಳ ತ್ರಿಕೋನಾಕಾರದ ರೋಟರ್, ನಡು ಸೊರಗಿದ ಕೋಶವೊಂದರೊಳಗೆ ಸುತ್ತುತ್ತದೆ. ಅದರ ಮೂರು ಮುಖಗಳೂ ಸರದಿಯಂತೆ ಗಾಳಿಯನ್ನು ಸೆಳೆದು, ಅದುಮಿ, ಉರಿಸಿ, ಹೊರಹಾಕುತ್ತವೆ. ಒಂದೊಂದು ಮುಖಕ್ಕೂ ಒಂದೊಂದು ಕೋಣೆ. ಈ ಕೋಣೆಗಳನ್ನು ಬೇರ್ಪಡಿಸತಕ್ಕವು ಮೂರು ಮೂಲೆಗಳಲ್ಲಿ ಕುಳಿತಿರುವ ಸಣ್ಣ ಪಟ್ಟಿಗಳು. ಏಪೆಕ್ಸ್ ಸೀಲುಗಳೆಂದು ಅವಕ್ಕೆ ಹೆಸರು. ಕೋಶದ ಗೋಡೆಯನ್ನು ಸದಾ ಉಜ್ಜುತ್ತಿರುವ ಇವು ಸವೆದರೆ ಒತ್ತಡ ಸೋರತೊಡಗುತ್ತದೆ. ಇವುಗಳ ಜಾರಿಕೆಗೆಂದೇ ಎಂಜಿನು ತುಸು ಎಣ್ಣೆಯನ್ನು ಒಳಗೆ ಬಿಟ್ಟುಕೊಂಡು ಸುಡುತ್ತದೆ. ತನ್ನ ಕಾರು ತೊಟ್ಟು ಎಣ್ಣೆಯನ್ನೂ ಕುಡಿಯುವುದಿಲ್ಲವೆಂದು ಯಾರಾದರೂ ಹೆಮ್ಮೆಪಟ್ಟರೆ ಕೊಳ್ಳುವವನು ಸಂತೋಷಪಡಬಾರದು!

ಇನ್ನು ಮಾಪಕದ ವಿಚಾರ. ಸಾಮಾನ್ಯ ಒತ್ತಡಮಾಪಕದಲ್ಲಿ ಒಳಹೊಕ್ಕ ಗಾಳಿಯನ್ನು ಹಿಂದಕ್ಕೆ ಬಿಡದ ಕವಾಟವಿರುತ್ತದೆ. ಸ್ಪಾರ್ಕ್ ಪ್ಲಗ್ಗಿನ ರಂಧ್ರಕ್ಕೆ ಅದನ್ನು ತಗುಲಿಸಿದಾಗ ಮೂರು ಮುಖಗಳೂ ಒಂದರ ಹಿಂದೊಂದು ಹಾದುಹೋಗುತ್ತವೆ. ಮುಳ್ಳು ಮಾತ್ರ ಎಲ್ಲಕ್ಕಿಂತ ಬಲವಾದ ಮುಖದ ಅಂಕಿಯಲ್ಲಿ ನಿಂತುಬಿಡುತ್ತದೆ. ತರಗತಿಯ ಮೊದಲನೆಯವನ ಅಂಕಪಟ್ಟಿಯನ್ನು ನೋಡಿ ಎಲ್ಲರೂ ತೇರ್ಗಡೆಯಾದರೆಂದು ಸಾರಿದಂತಾಯಿತು. ಮೂರು ಮುಖಗಳನ್ನೂ ಬೇರೆಬೇರೆಯಾಗಿ ತೋರಿಸುವ, ರೋಟರಿ ಎಂಜಿನಿಗೆಂದೇ ಮಾಡಿದ ಮಾಪಕ ಉಂಟು, ಅದನ್ನೇ ಕೇಳಬೇಕು.

ವೇಗವನ್ನೂ ಕೇಳಬೇಕು. ಸೋರುವುದಕ್ಕೆ ಕಾಲ ಬೇಕಷ್ಟೆ. ದಂಡವು ಬೇಗ ತಿರುಗಿದಷ್ಟೂ ಸೋರಿಕೆ ಕಡಿಮೆ, ಅಂಕಿ ಹೆಚ್ಚು. ಆದುದರಿಂದಲೇ ಕಂಪನಿಯ ಮಿತಿಯನ್ನು ನಿಮಿಷಕ್ಕೆ 250 ಸುತ್ತುಗಳ ವೇಗಕ್ಕೆಂದು ಗೊತ್ತುಮಾಡಿದ್ದಾರೆ. ಬಲವಾದ ಸ್ಟಾರ್ಟರ್ ಮೋಟಾರು ಸವೆದ ಎಂಜಿನಿಗೂ ಒಳ್ಳೆಯ ಅಂಕಿಯನ್ನು ತಂದುಕೊಟ್ಟೀತು. ಅಳೆಯುವ ಮುನ್ನ ಕೋಣೆಯೊಳಗೆ ಸುರಿದ ಎಣ್ಣೆಯೂ ಅದೇ ಮೋಸವನ್ನು ಮಾಡಬಲ್ಲುದು.

ಮಾಪಕ ದೊರೆಯುವವರೆಗೆ ಮಾಡಬಹುದಾದ ಪರೀಕ್ಷೆಯೊಂದಿದೆ. ಕಾರನ್ನು ಅರ್ಧ ಗಂಟೆ ಓಡಿಸಿ, ನಿಲ್ಲಿಸಿ, ಕೆಲವು ನಿಮಿಷ ಬಿಟ್ಟು ಮತ್ತೆ ಚಾಲೂ ಮಾಡಬೇಕು. ಬಿಸಿಯಾದ ಎಣ್ಣೆ ತೆಳುವಾಗಿ, ಸೀಲುಗಳ ಸಂದುಗಳನ್ನು ಮುಚ್ಚಲಾರದು. ಬೆಳಗಿನ ತಂಪಿನಲ್ಲಿ ಸಲೀಸಾಗಿ ಎದ್ದ ಎಂಜಿನು ಬಿಸಿಯಲ್ಲಿ ಏಳಲು ತಿಣುಕಿದರೆ ಸಂಶಯಪಡಬೇಕು. ಇದಕ್ಕೂ ಅಳತೆಗೂ ಒಪ್ಪದವನ ಕಾರು ಎಷ್ಟು ಅಗ್ಗವಾದರೂ ಬೇಡವೆಂದು ಬರೆದೆವು.

ಮಾರುವಾತನು ಒಪ್ಪಿದನು. ವಾರದ ಮೇಲೆ ಅಂಕಿಗಳು ಬಂದವು, 250 ಸುತ್ತುಗಳಿಗೆ ಸರಿಹೊಂದಿಸಿ. ಮುಂದಿನ ರೋಟರಿನಲ್ಲಿ 600, 590, 595. ಹಿಂದಿನದರಲ್ಲಿ 600, 430, 590. ಎತ್ತರದ ಲೆಕ್ಕವನ್ನು ಸೇರಿಸಿದರೂ ಆ 430 ಸುಮಾರು 520ನ್ನು ದಾಟುವುದಿಲ್ಲ. ಮಾರುವಾತನು ಸುಳ್ಳಾಡಿದನೆಂದು ನಾವು ಹೇಳಲಾರೆವು. ಅವನ ಮಾಪಕಕ್ಕೆ ಕಂಡಿದ್ದುದು 600 ಮಾತ್ರ. ನಮ್ಮ ವಿದ್ಯಾರ್ಥಿ ಸದ್ಯಕ್ಕೆ ಬಸ್ಸಿನಲ್ಲಿಯೇ ಓಡಾಡುತ್ತಿದ್ದಾನೆ.