ಎಂಟು ಗಂಟೆ ದುಡಿದ ಮೇಲೂ ಸೈಡ್ ಇನ್‌ಕಮ್ ಯಾಕೆ ಬೇಕು?



ನಮ್ಮ ಆಫೀಸಿನ ಔಟ್‌ಸೋರ್ಸ್ ಡೇಟಾ ಎಂಟ್ರಿ ಹುಡುಗ ನಿನ್ನೆ ನನ್ನ ಟೇಬಲ್ ಮುಂದೆ ನಿಂತು ಅತ್ತ. 'ಮನೇಲೇ ಕೂತು ದಿನಕ್ಕೆ ಎರಡು ಸಾವಿರ' ಅಂತ ಟೆಲಿಗ್ರಾಂನಲ್ಲಿ ಮೆಸೇಜ್ ಬಂದಿತ್ತಂತೆ. ವಿಡಿಯೋಗೆ ಲೈಕ್ ಒತ್ತಿದ್ದಕ್ಕೆ ಮೊದಲು 150 ರೂಪಾಯಿ ನಿಜವಾಗ್ಲೂ ಹಾಕಿದ್ರು. ಆಮೇಲೆ 'ಪ್ರೀಪೇಯ್ಡ್ ಟಾಸ್ಕ್' ಅಂತ ದುಡ್ಡು ಕಟ್ಟಿಸಿಕೊಂಡ್ರು. ವಾಪಸ್ ಕೇಳಿದ್ರೆ 'ಟ್ಯಾಕ್ಸ್ ಕಟ್ಟು' ಅಂದ್ರು. ಅವ್ವನ ಓಲೆ ಅಡ ಇಟ್ಟು ತಂದಿದ್ದ 40 ಸಾವಿರ ಹೋಯ್ತು.

'ದುರಾಸೆ' ಅಂತ ನಕ್ಕರು ನಮ್ಮ ಸೆಕ್ಷನ್‌ನ ಕೆಲವರು. ಸ್ವಾಮಿ, ಏಜೆನ್ಸಿಯವನು ಮೂರು ತಿಂಗಳಿಂದ ಸಂಬಳ ಹಾಕಿಲ್ಲ. ಬಾಡಿಗೆ ಕಟ್ಟೋಕೆ ದಾರಿ ಹುಡುಕಿದ್ದು ದುರಾಸೆಯಾ? ಹಾಗಾದ್ರೆ ಖಾಯಂ ಹುದ್ದೆ ತುಂಬದೆ ನಮ್ಮ ಮಕ್ಕಳನ್ನ ಏಜೆನ್ಸಿ ಕೈಗೆ ಕೊಟ್ಟಿದ್ದಕ್ಕೆ ಏನಂತೀರಿ?

ಕಾರ್ಮಿಕ ಸದಸ್ಯರಾಗಿದ್ದ ಬಾಬಾಸಾಹೇಬರು ತಂದ 1946ರ ಕಾರ್ಖಾನೆ ಕಾಯ್ದೆ ತಿದ್ದುಪಡಿ, ವಾರದ ದುಡಿಮೆಯನ್ನು 54ರಿಂದ 48 ಗಂಟೆಗೆ ಇಳಿಸಿತು. ದುಡಿಯುವವನಿಗೂ ಓದೋಕೆ, ಸಂಘಟನೆ ಮಾಡೋಕೆ, ಮಕ್ಕಳ ಜೊತೆ ಕೂರೋಕೆ ಹೊತ್ತು ಬೇಕು. ಈಗ ಆ ಹೊತ್ತನ್ನೂ ಮಾರ್ಕೊ ಅಂತಾರೆ. ಅದಕ್ಕೆ 'ಫ್ಲೆಕ್ಸಿಬಲ್' ಅಂತ ಚಂದದ ಹೆಸರು!

ಆನ್‌ಲೈನ್ ಟ್ಯೂಷನ್, ಅನುವಾದ, ಟೈಪಿಂಗ್ ಮಾಡಿ ದುಡಿಯೋರು ದುಡೀಲಿ, ತಪ್ಪಲ್ಲ. ಆದ್ರೆ ಕೆಲಸ ಕೊಡ್ತೀನಿ ಅಂತ ನಿಮ್ಮಿಂದಲೇ ದುಡ್ಡು ಕೇಳೋನು ಕಳ್ಳ. ಮೋಸ ಹೋಗಿದ್ರೆ ನಾಚಿಕೊಳ್ಳದೆ ತಕ್ಷಣ 1930ಕ್ಕೆ ಫೋನ್ ಮಾಡಿ. ಹುಡುಗನ ಕೈಲಿ ನಿನ್ನೆ ನಾನೇ ಮಾಡಿಸಿದೆ.

ಮೋಸ ಮಾಡಿದ ಕಳ್ಳನನ್ನ ಪೊಲೀಸರು ಹುಡುಕಲಿ. ಸಂಬಳ ಎಲ್ಲಿ, ಬ್ಯಾಕ್‌ಲಾಗ್ ಹುದ್ದೆ ಯಾವಾಗ ತುಂಬ್ತೀರಿ ಅಂತ ಕೇಳೋ ಕೆಲಸ ಮಾತ್ರ ನಮ್ಮದೇ. ಜೈಭೀಮ್.