ಒಂದು ಮಾತು, ಎರಡು ನಗೆ

ಮಕ್ಕಳ ಚಿತ್ರಗಳಲ್ಲಿ ದೊಡ್ಡವರಿಗಷ್ಟೇ ತಿಳಿಯುವಂಥ ಹಾಸ್ಯವನ್ನು ಅಡಗಿಸಿಡುತ್ತಾರೆ, ಇದರಿಂದ ಎಳೆಯ ಮನಸ್ಸುಗಳು ಕೆಡುತ್ತವೆ ಎಂಬ ಆಕ್ಷೇಪ ನಮ್ಮ ಪಾಲಕರಲ್ಲಿ ಆಗಾಗ ಕೇಳಿಬರುತ್ತದೆ. ಅದರ ಹಿಂದಿನ ಕಾಳಜಿಯನ್ನು ಗೌರವಿಸುತ್ತಲೇ, ತೀರ್ಮಾನವನ್ನು ನಾನು ಒಪ್ಪಲಾರೆ.

2001ರ ‘ಶ್ರೆಕ್’ ಚಿತ್ರವನ್ನೇ ನೋಡಿ. ಪ್ರಭು ಫಾರ್ಕ್ವಾಡ್‌ನ ಮುಗಿಲೆತ್ತರದ ಕೋಟೆಯನ್ನು ಕಂಡ ಶ್ರೆಕ್, ಆತ ತನ್ನ ಯಾವುದೋ ಕೊರತೆಯನ್ನು ಹೀಗೆ ತುಂಬಿಕೊಳ್ಳುತ್ತಿರಬಹುದೇ ಎಂದು ಕತ್ತೆಯನ್ನು ಕೇಳುತ್ತಾನೆ. ಪ್ರಭು ಕುಳ್ಳನೆಂದು ಬಲ್ಲ ಮಗು ಅಷ್ಟಕ್ಕೇ ನಗುತ್ತದೆ. ಹಿರಿಯರು ಬೇರೊಂದು ಕೊರತೆಯನ್ನು ನೆನೆದು ನಗುತ್ತಾರೆ. 1995ರ ‘ಟಾಯ್ ಸ್ಟೋರಿ’ಯಲ್ಲಿ ಆಲೂಗಡ್ಡೆ ಗೊಂಬೆಯೊಂದು ತನ್ನ ಕಣ್ಣುಮೂಗುಗಳನ್ನು ಅದಲುಬದಲು ಮಾಡಿಕೊಂಡು ತಾನು ಪಿಕಾಸೋ ಎನ್ನುತ್ತದೆ. ಮಗುವಿಗೆ ಆ ಅಡ್ಡಾದಿಡ್ಡಿ ಮುಖವೇ ಸಾಕು.

ಇದರಲ್ಲಿ ವ್ಯಾಪಾರದ ಲೆಕ್ಕವಿದೆ, ನಿಜ. ಟಿಕೆಟ್ ಕೊಳ್ಳುವವರು ತಂದೆತಾಯಿ. ಅವರೂ ಆಕಳಿಸದೆ ಕೂರಬೇಕಲ್ಲ! ಆದರೆ ಈ ಕಲೆ ಸಿನಿಮಾಕ್ಕಿಂತ ಹಳೆಯದು. ನಮ್ಮ ತೊಗಲುಗೊಂಬೆಯಾಟದಲ್ಲಿ ಕಿಳ್ಳೇಕ್ಯಾತ, ಬಂಗಾರಕ್ಕರು ಪುರಾಣಕಥೆಯ ನಡುವೆಯೇ ನುಗ್ಗಿ ಆಡುವ ಪೋಲಿಮಾತಿಗೆ ಹಿರಿಯರು ನಕ್ಕರೆ, ಮಕ್ಕಳು ಗೊಂಬೆಗಳ ಕುಣಿತಕ್ಕೆ ನಗುತ್ತಿದ್ದರು. ಒಂದೇ ಪರದೆಯ ಮುಂದೆ ಮನೆಮಂದಿಯೆಲ್ಲ ಕೂಡುತ್ತಿದ್ದರು.

ಎಲ್ಲ ನಗೆಯೂ ನಿರಪಾಯಕಾರಿಯೆಂದು ನಾನು ಹೇಳುತ್ತಿಲ್ಲ. ಆದರೆ ಅಡಗಿಸಿಟ್ಟ ಮಾತು ಮಗುವಿನ ತಲೆಯ ಮೇಲೆ ಹಾದುಹೋಗುತ್ತದೆ. ಕುಳ್ಳನನ್ನು ಕಂಡು ನಗಬಹುದೆಂಬ ಬಹಿರಂಗ ಪಾಠವಾದರೋ ನೇರವಾಗಿ ಎದೆಗಿಳಿಯುತ್ತದೆ. ಚಿಂತಿಸಬೇಕಾದದ್ದು ಈ ಎರಡನೆಯದರ ಬಗ್ಗೆ.

ಹೊರನಾಡಿಗರಾದ ನಮ್ಮನ್ನು ಕಾಡಬೇಕಾದ ಪ್ರಶ್ನೆ ಇನ್ನೊಂದಿದೆ. ಬೆಳೆದ ಮಗು ಹಳೆಯ ಚಿತ್ರವನ್ನೇ ಮತ್ತೆ ನೋಡಿದಾಗ ಎರಡನೆಯ ಅರ್ಥ ಹೊಳೆದು ಬೆರಗಾಗುತ್ತದೆ. ಭಾಷೆಯಲ್ಲಿ ಪ್ರಾಯಕ್ಕೆ ಬರುವುದೆಂದರೆ ಇದೇ. ನಮ್ಮ ಮಕ್ಕಳು ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ, ನೆಲೆಸಿದ ನಾಡಿನ ನುಡಿಯಲ್ಲಿ ಹೀಗೆ ಪ್ರಾಯಕ್ಕೆ ಬರುತ್ತಾರೆ. ಕನ್ನಡದಲ್ಲಿ ಮಾತ್ರ ಊಟ, ಸ್ನಾನ, ಓದಿನ ಮಾತಿನಲ್ಲೇ ಉಳಿದುಬಿಡುತ್ತಾರೆ. ಕನ್ನಡದ ಶ್ಲೇಷೆ, ಕೊಂಕು, ಒಳಮಾತುಗಳು ಅವರ ಕಿವಿಗೇ ಬೀಳುವುದಿಲ್ಲ. ದೊಡ್ಡವರು ಹರಟೆಗೆ ಕುಳಿತಾಗ ಮಕ್ಕಳನ್ನು ಒಳಗೆ ಕಳಿಸುವವರು ನಾವೇ ಅಲ್ಲವೇ?

ಸಂಘಗಳ ಮಕ್ಕಳ ಕಾರ್ಯಕ್ರಮಗಳಲ್ಲೂ ಇದೇ ಕಥೆ. ವೇದಿಕೆಯ ಮೇಲೆ ನೀತಿಪಾಠ ನಡೆದಿರುವಾಗ ಹಿರಿಯರು ಕಾಫಿಗೆ ಎದ್ದುಹೋಗುತ್ತಾರೆ. ರವೀಂದ್ರನಾಥ ಠಾಕೂರರ ಗಿಳಿಯ ಕಥೆಯನ್ನಾಧರಿಸಿ ಬಿ. ವಿ. ಕಾರಂತರು ರೂಪಿಸಿದ ‘ಪಂಜರ ಶಾಲೆ’ಯಲ್ಲಿ ಮಕ್ಕಳಿಗೆ ಗಿಳಿಯ ಆಟವಿದೆ, ಹಿರಿಯರಿಗೆ ನಮ್ಮ ಶಿಕ್ಷಣಕ್ರಮದ ವಿಡಂಬನೆಯಿದೆ. ಇಂಥ ನಾಟಕಗಳನ್ನು ಆಡಿಸೋಣ, ಮಕ್ಕಳ ಪಕ್ಕದಲ್ಲಿ ಕುಳಿತು ನೋಡೋಣ.

ಏಕೆ ನಕ್ಕಿರೆಂದು ಮಗು ಕೇಳಿದರೆ ಕನ್ನಡದಲ್ಲೇ ಉತ್ತರಿಸೋಣ. ಹೇಳಲಾಗದ ಮಾತಾದರೆ, ದೊಡ್ಡವರಾದ ಮೇಲೆ ತಿಳಿಯುತ್ತದೆ ಎನ್ನೋಣ. ಅಂದು ತಿಳಿಯುವಷ್ಟು ಕನ್ನಡವನ್ನು ಇಂದೇ ಕಲಿಸಿರೋಣ.