ಗೊಬ್ಬರದ ಡಬ್ಬಿಯ ಹಿಂದೆ ಒಬ್ಬರು ಬರಬೇಕು

ಬೆಂಗಳೂರಿಗೆ ಈಗ ಐದು ಪಾಲಿಕೆಗಳು. ಐದಕ್ಕೂ ಹುಟ್ಟಿದ ದಿನದಿಂದಲೇ ಗಂಟುಬಿದ್ದಿರುವುದು ಕಸದ ಪ್ರಶ್ನೆ. ನಗರದಲ್ಲಿ ದಿನಕ್ಕೆ ಸುಮಾರು 5,000 ಟನ್ ಕಸ ಬೀಳುತ್ತದೆ, ಅದರಲ್ಲಿ ಅರ್ಧಕ್ಕೂ ಹೆಚ್ಚು ಹಸಿ ಕಸ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2024ರಲ್ಲಿ ಪ್ರಕಟಿಸಿದ ವರದಿಯ ಅಂದಾಜಿನಂತೆ ಭಾರತದ ಮನೆಗಳಲ್ಲಿ ತಲಾ ವರ್ಷಕ್ಕೆ 55 ಕಿಲೋ ಆಹಾರ ಕಸಕ್ಕೆ ಹೋಗುತ್ತದೆ. ಸಿಪ್ಪೆ, ಮೂಳೆಗಳೂ ಸೇರಿದ ಲೆಕ್ಕ ಇದು. ನಾಲ್ಕು ಜನರ ಮನೆಯೆಂದರೆ ದಿನಕ್ಕೆ ಸುಮಾರು 600 ಗ್ರಾಂ. ಬಾಲ್ಕನಿಯ ಮೂಲೆಯಲ್ಲಿಟ್ಟ ಡಬ್ಬಿಗೆ ಇಷ್ಟನ್ನು ಅರಗಿಸುವುದು ಕಷ್ಟವೇನಲ್ಲ. ನಾವು ಮಾತ್ರ ಅದನ್ನು ಆಟೋ ಟಿಪ್ಪರಿಗೆ ಸುರಿದು, ಕಂಪ್ಯಾಕ್ಟರಿಗೆ ತುಂಬಿ, ಡೀಸೆಲ್ ಸುಟ್ಟು ಊರಾಚೆಗೆ ಸಾಗಿಸುತ್ತಿದ್ದೇವೆ. ಹಾಗೆ ಸಾಗುವ ಹಸಿ ಕಸದಲ್ಲಿ ಮುಕ್ಕಾಲು ಪಾಲಿನಷ್ಟು ಬರೀ ನೀರು. ಐದೂ ಪಾಲಿಕೆಗಳು ಮನೆಗಳಿಗೆ ರಿಯಾಯಿತಿ ದರದಲ್ಲಿ ಗೊಬ್ಬರದ ಡಬ್ಬಿ ಕೊಡುವ ಯೋಜನೆ ಕೈಗೆತ್ತಿಕೊಳ್ಳಬೇಕು. ಆದರೆ ಡಬ್ಬಿ ಹಂಚಿ ಕೈತೊಳೆದುಕೊಳ್ಳುವ ಯೋಜನೆ ಬೇಡ. ಡಬ್ಬಿಯ ಜೊತೆಗೆ ವರ್ಷಪೂರ್ತಿ ನಡೆಯುವ ಸೇವೆಯೊಂದು ಮನೆಬಾಗಿಲಿಗೆ ಬರಬೇಕು.

ದೂರ ಸಾಗಿಸಿದ ಕಸಕ್ಕೆ ಬೆಲೆ ತೆತ್ತವರು ಯಾರೆಂಬುದು ಈ ನಗರಕ್ಕೆ ಚೆನ್ನಾಗಿ ಗೊತ್ತು. ಮಾವಳ್ಳಿಪುರಕ್ಕೆ ಲಾರಿಗಳು ಹೋಗುವುದು ನಿಂತದ್ದು 2012ರಲ್ಲಿ, ಮಂಡೂರಿಗೆ ನಿಂತದ್ದು 2014ರಲ್ಲಿ. ಎರಡೂ ಕಡೆ ಹಳ್ಳಿಯವರು ರಸ್ತೆಗಿಳಿದ ಮೇಲೆಯೇ. ಅಷ್ಟಾದರೂ ಬೆಂಗಳೂರು ಕಂಡುಕೊಂಡ ಉತ್ತರ ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಗಳ ಕಲ್ಲುಕ್ವಾರಿಗಳು. ಹೆಚ್ಚುಕಡಿಮೆ ಅದೇ ಕಾಲಕ್ಕೆ ಕೇರಳದಲ್ಲೂ ಇಂಥದೇ ಬಿಕ್ಕಟ್ಟು ಎದ್ದಿತ್ತು. ತಿರುವನಂತಪುರದ ಕಸ ಹೋಗುತ್ತಿದ್ದ ವಿಳಪ್ಪಿಲ್‌ಶಾಲ ಘಟಕಕ್ಕೆ 2011ರ ಕೊನೆಯಲ್ಲಿ ಅಲ್ಲಿನ ಪಂಚಾಯತಿ ಬೀಗ ಜಡಿಯಿತು. 2012ರಲ್ಲಿ ಆಲಪ್ಪುಳದ ಲಾರಿಗಳನ್ನು ಸರ್ವೋದಯಪುರದ ಜನ ತಡೆದರು. ಬೇರೆ ಜಾಗ ಸಿಗದ ಆಲಪ್ಪುಳ ನಗರಸಭೆ ಮನೆಗಳ ಕಡೆ ತಿರುಗಿತು. ಸಬ್ಸಿಡಿ ಕೊಟ್ಟು ಬಯೋಗ್ಯಾಸ್ ಘಟಕ, ಪೈಪ್ ಕಾಂಪೋಸ್ಟ್ ಹಾಕಿಸಿತು. ಮನೆಯಲ್ಲಿ ಜಾಗವಿಲ್ಲದವರಿಗಾಗಿ ಬಡಾವಣೆಯಲ್ಲೇ ಗಾಳಿಯಾಡುವ ಗೊಬ್ಬರದ ತೊಟ್ಟಿಗಳನ್ನು ಕಟ್ಟಿಸಿತು. 2017ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಕಸ ನಿರ್ವಹಣೆಗೆ ಮಾದರಿಯೆಂದು ಹೆಸರಿಸಿದ ಐದು ನಗರಗಳಲ್ಲಿ, ಜಪಾನಿನ ಒಸಾಕಾದ ಜೊತೆಗೆ, ಆಲಪ್ಪುಳವೂ ಇತ್ತು. ಅದೇ ರಾಜ್ಯದ ಕೊಚ್ಚಿ ಬ್ರಹ್ಮಪುರದ ರಾಶಿಯನ್ನೇ ನೆಚ್ಚಿಕೊಂಡಿತ್ತು. 2023ರ ಮಾರ್ಚಿನಲ್ಲಿ ಆ ರಾಶಿಗೆ ಬೆಂಕಿ ಬಿದ್ದಾಗ ಹತ್ತು ದಿನ ಕಳೆದರೂ ಹೊಗೆ ನಗರವನ್ನು ಬಿಡಲಿಲ್ಲ.

ಕೇರಳದ ಅನುಭವದಲ್ಲಿ ಇನ್ನೂ ಒಂದು ಪಾಠವಿದೆ, ನಮಗೆ ಹೆಚ್ಚು ಬೇಕಾದದ್ದು ಅದೇ. ತಿರುವನಂತಪುರದಲ್ಲಿ ಮೊದಲು ಹಂಚಿದ ಪೈಪ್ ಕಾಂಪೋಸ್ಟ್‌ಗಳು ಎಷ್ಟೋ ಮನೆಗಳಲ್ಲಿ ಮೂಲೆ ಸೇರಿದವು. ಆಮೇಲೆ ಒಂದರ ಮೇಲೊಂದು ಕೂರುವ ಮೂರು ಡಬ್ಬಿಗಳ ಕಿಚನ್ ಬಿನ್ ಬಂತು. ಅದರ ಜೊತೆಗೆ ಮನೆಗೆ ಬಂದು ನೋಡಿ, ಹೆಪ್ಪು ಹಾಕಿದ ನಾರಿನ ಪುಡಿ ಕೊಟ್ಟುಹೋಗುವ ಕೆಲಸಗಾರರೂ ಬಂದರು. ಡಬ್ಬಿಯೊಳಗೆ ಏನು ನಡೆಯುತ್ತದೆಂದು ನೋಡಿದವರಿಗೆ ಈ ಕೆಲಸಗಾರರ ಬೆಲೆ ತಿಳಿಯುತ್ತದೆ. ಮೊದಲ ವಾರ ಎಲ್ಲ ಸರಿಯಾಗಿರುತ್ತದೆ. ಎರಡನೆಯ ವಾರಕ್ಕೆ ಸಾರಿನ ನೀರು, ಮಿಕ್ಕ ಅನ್ನ, ಕಲ್ಲಂಗಡಿ ಸಿಪ್ಪೆ ಎಲ್ಲ ಸೇರಿ ತಳ ಒದ್ದೆಯಾಗುತ್ತದೆ, ಗಾಳಿ ಆಡುವುದಿಲ್ಲ, ಹುಳಿ ನಾತ ಏಳುತ್ತದೆ. ಮುಚ್ಚಳ ತೆಗೆದರೆ ಬೆಳ್ಳಗೆ ದಪ್ಪನೆಯ ಹುಳುಗಳು ಮಿಜಿಗುಟ್ಟುತ್ತಿರುತ್ತವೆ. ಡಬ್ಬಿ ಮನೆಯಿಂದ ಹೊರಬೀಳುವುದು ಆ ದಿನವೇ. ಅವು ಕಪ್ಪು ಸೈನಿಕ ನೊಣದ ಮರಿಗಳು, ಯಾರಿಗೂ ಕೆಡುಕು ಮಾಡುವುದಿಲ್ಲ, ಕಸವನ್ನು ಬೇಗಬೇಗ ತಿಂದು ಮುಗಿಸುತ್ತವೆ ಎಂದು ಹೇಳುವವರು ಒಬ್ಬರಿದ್ದಿದ್ದರೆ ಡಬ್ಬಿ ಉಳಿಯುತ್ತಿತ್ತು. ನಾಲ್ಕು ಹಿಡಿ ತೆಂಗಿನ ನಾರಿನ ಪುಡಿ, ಇಲ್ಲವೇ ಪುಡಿ ಮಾಡಿದ ತರಗೆಲೆ ಹಾಕಿ ಕೋಲಿನಿಂದ ತಿರುವಿದರೆ ಕೆಲವೇ ದಿನಗಳಲ್ಲಿ ನಾತ ಹೋಗಿ ಮಣ್ಣಿನ ವಾಸನೆ ಬರುತ್ತದೆ. ವಿದ್ಯೆ ಚಿಕ್ಕದು, ಆದರೆ ಬೇಕಾದ ದಿನವೇ ಸಿಗಬೇಕು. ಕರಪತ್ರದಿಂದ ಅದು ಸಿಗುವುದಿಲ್ಲ.

ಹಾಗಾದರೆ ಕರೆಂಟಿನ ಯಂತ್ರವನ್ನೇ ಕೊಡಬಾರದೇಕೆ ಎಂದು ಕೇಳುವವರಿದ್ದಾರೆ. ಅಡುಗೆಮನೆಯ ಕಟ್ಟೆಯ ಮೇಲೆ ಕೂರುವ ಈ ಯಂತ್ರ ಹಸಿ ಕಸವನ್ನು ಕಾಯಿಸಿ, ಅರೆದು, ಕೆಲವೇ ತಾಸುಗಳಲ್ಲಿ ಕಂದು ಪುಡಿ ಮಾಡುತ್ತದೆ. ನಾತವಿಲ್ಲ, ಹುಳುವಿಲ್ಲ. ಜಪಾನಿನ ಅನೇಕ ಸ್ಥಳೀಯ ಸಂಸ್ಥೆಗಳು ಬಹಳ ವರ್ಷಗಳಿಂದ ಇವುಗಳಿಗೆ ಸಹಾಯಧನ ಕೊಡುತ್ತಿವೆ. ಅಲ್ಲಿ ಕಸದ ಬಹುಪಾಲು ಕುಲುಮೆಗೆ ಹೋಗುತ್ತದೆ. ಒದ್ದೆ ಕಸ ಸುಡುವುದಕ್ಕೆ ಇಂಧನ ಹೆಚ್ಚು ಬೇಕಾದ್ದರಿಂದ, ಮನೆಯಲ್ಲೇ ಒಣಗಿಸಿದರೆ ಅವರಿಗೆ ನೇರವಾಗಿ ಲಾಭ. ನಮಗೆ ಬೇಕಾದದ್ದು ಗೊಬ್ಬರ. ಯಂತ್ರದಿಂದ ಹೊರಬರುವ ಪುಡಿ ಒಣಗಿದ ಆಹಾರವೇ ಹೊರತು ಮಾಗಿದ ಗೊಬ್ಬರವಲ್ಲ. ನೀರು ತಗಲಿದರೆ ಮತ್ತೆ ಕೊಳೆಯತೊಡಗುತ್ತದೆ, ಮಣ್ಣಿನಲ್ಲಿ ಕೆಲವು ವಾರ ಹೂತಿಟ್ಟರೆ ಮಾತ್ರ ಗಿಡಕ್ಕೆ ಹಿಡಿಯುತ್ತದೆ. ಒಂದು ಸಲ ಓಡಿಸಲು ಒಂದು ಯೂನಿಟ್ ಆಸುಪಾಸು ಕರೆಂಟು ಬೇಕು. ಸ್ವಂತ ದುಡ್ಡಿನಲ್ಲಿ ಕೊಳ್ಳುವವರು ಕೊಳ್ಳಲಿ. ಸಾರ್ವಜನಿಕರ ಹಣ ಮಾತ್ರ ಮಣ್ಣಿನ ಮಡಕೆ, ಪ್ಲಾಸ್ಟಿಕ್ ಡಬ್ಬಿಗಳಿಗೂ ಅವುಗಳನ್ನು ನೋಡಿಕೊಳ್ಳುವ ಜನಕ್ಕೂ ಹೋಗಲಿ.

ಈ ಯೋಜನೆಗೆ ಬರುವ ಆಕ್ಷೇಪಗಳಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಹೆಂಗಸರ ದುಡಿಮೆಯ ಮಾತು. ಅಡುಗೆಮನೆಗೆ ಹೊಸದಾಗಿ ಏನು ಬಂದರೂ ಅದರ ಹೊರೆ ಬೀಳುವುದು ಮನೆಯ ಹೆಂಗಸರ ಮೇಲೆ, ಇಲ್ಲವೇ ಮನೆಗೆಲಸಕ್ಕೆ ಬರುವವರ ಮೇಲೆ. ಇದು ನಿಜ. ಸೇವೆ ಬೇಕೆನ್ನುವುದಕ್ಕೆ ಇದೂ ಒಂದು ದೊಡ್ಡ ಕಾರಣ. ತಿರುವಿ ಹಾಕುವುದು, ಮಾಗಿದ್ದನ್ನು ಜರಡಿ ಹಿಡಿಯುವುದು, ನಾರಿನ ಪುಡಿ ತುಂಬಿಡುವುದು ಸಂಬಳ ಪಡೆಯುವವರ ಕೆಲಸವಾದರೆ ಮನೆಯವರ ಪಾಲಿಗೆ ಉಳಿಯುವುದು ಸಿಪ್ಪೆಯನ್ನು ಡಬ್ಬಿಗೆ ಹಾಕಿ ಮೇಲೊಂದು ಹಿಡಿ ಪುಡಿ ಉದುರಿಸುವುದು ಮಾತ್ರ. ಆಟೋಗೆ ಕೊಡಲು ಬಕೆಟ್ ಹಿಡಿದು ಬೆಳಿಗ್ಗೆ ಕಾಯುವುದಕ್ಕಿಂತ ಇದು ಹಗುರ. ಒಂದೇ ಕೋಣೆಯ ವಠಾರದ ಮನೆಗಳಿಗೆ ಡಬ್ಬಿ ಹೊರಿಸುವುದು ಅನ್ಯಾಯ. ಅಂಥ ಕಡೆ ಆಲಪ್ಪುಳದಂತೆ ಬೀದಿಗೊಂದು ತೊಟ್ಟಿಯೇ ಸರಿ. ಗೊಬ್ಬರಕ್ಕೆ ಹೋಗುತ್ತದಲ್ಲ ಎಂಬ ಸಮಾಧಾನದಲ್ಲಿ ಜನ ಇನ್ನಷ್ಟು ಅನ್ನ ಚೆಲ್ಲುತ್ತಾರೆ ಎಂಬ ಆತಂಕವೂ ಇದೆ. ಬೆಂದ ಅನ್ನ ಗೊಬ್ಬರವಾದರೆ ಅದನ್ನು ಬೆಳೆಯಲು ಹರಿಸಿದ ಸಾವಿರಾರು ಲೀಟರ್ ನೀರು ಹಿಂದಿರುಗುವುದಿಲ್ಲ, ನಿಜ. ಆದರೆ ಡಬ್ಬಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಟ ಕೊಡುವುದು ಅದೇ ಬೆಂದ ಅನ್ನ. ಸೊಪ್ಪಿನ ದಂಟು, ಬಾಳೆಹಣ್ಣಿನ ಸಿಪ್ಪೆ ಸದ್ದಿಲ್ಲದೆ ಕರಗುತ್ತವೆ. ಮಿಕ್ಕ ಅನ್ನ, ಹುಳಿ ಎರಡೇ ದಿನದಲ್ಲಿ ನಾರುತ್ತವೆ. ಆಟೋ ಹತ್ತಿ ಕಣ್ಮರೆಯಾಗುತ್ತಿದ್ದ ಕಸ ಮನೆಯಲ್ಲೇ ಉಳಿದರೆ, ಇವತ್ತು ಅರ್ಧ ಪಾವು ಅಕ್ಕಿ ಹೆಚ್ಚಾಯಿತೆಂಬುದು ಅಳೆದು ಹಾಕಿದವರ ಗಮನಕ್ಕೆ ಬರುತ್ತದೆ.

ಹಣದ ಪ್ರಶ್ನೆ ಉಳಿಯಿತು. 2025ರ ಏಪ್ರಿಲ್‌ನಿಂದ ಬೆಂಗಳೂರಿನ ಮನೆಗಳು ಆಸ್ತಿ ತೆರಿಗೆಯ ಜೊತೆಗೆ, ಕಟ್ಟಡದ ವಿಸ್ತೀರ್ಣಕ್ಕೆ ತಕ್ಕಂತೆ ತಿಂಗಳಿಗೆ 10ರಿಂದ 400 ರೂಪಾಯಿವರೆಗೆ ಕಸದ ಶುಲ್ಕ ತೆರುತ್ತಿವೆ. ಹಸಿ ಕಸವನ್ನು ಮನೆಯಲ್ಲೇ ಮುಗಿಸುವವರಿಂದ ಪಾಲಿಕೆಗೆ ಸಾಗಣೆಯ ಖರ್ಚು ಉಳಿಯುತ್ತದೆ. ಆ ಉಳಿತಾಯದ ಒಂದು ಭಾಗ ಅವರ ಶುಲ್ಕದಲ್ಲಿ ಕಡಿತವಾಗಲಿ, ಇನ್ನೊಂದು ಭಾಗ ಡಬ್ಬಿ ನೋಡಿಕೊಳ್ಳುವವರ ಸಂಬಳಕ್ಕೆ ಹೋಗಲಿ. ಆ ಕೆಲಸಕ್ಕೆ ಪೌರಕಾರ್ಮಿಕರನ್ನೇ ತರಬೇತಿ ಕೊಟ್ಟು ನೇಮಿಸಬೇಕು. ಮನೆಯಲ್ಲಿ ಗಿಡವಿಲ್ಲದವರ ಗೊಬ್ಬರವನ್ನು ವಾರ್ಡಿನ ಪಾರ್ಕುಗಳಿಗೆ ಪಡೆದುಕೊಳ್ಳುವ ಏರ್ಪಾಡೂ ಇರಬೇಕು. ಮೊದಲಿಗೆ ಪಾಲಿಕೆಗೊಂದು ವಾರ್ಡು ಸಾಕು. ಹಂಚಿದ ಡಬ್ಬಿಗಳ ಸಂಖ್ಯೆಯನ್ನು ಸಾಧನೆಯೆಂದು ಲೆಕ್ಕಕ್ಕೆ ಹಿಡಿಯುವುದು ಬೇಡ. ಆ ವಾರ್ಡಿನಿಂದ ಹೊರಡುವ ಹಸಿ ಕಸವನ್ನು ಯೋಜನೆಗೆ ಮುಂಚೆ ಒಂದು ತಿಂಗಳು, ಆಮೇಲೆ ಒಂದು ವರ್ಷ ತೂಗಿ, ಆ ತೂಕವನ್ನು ತಿಂಗಳು ತಿಂಗಳೂ ವಾರ್ಡ್ ಕಚೇರಿಯ ಫಲಕದಲ್ಲಿ ಹಾಕಲಿ.